ಉಪಲಿ ಬುರುಜು, ವಿಜಯಪುರ

ರಾಡಾರ್ ಬರುವುದಕ್ಕೆ ಸುಮಾರು 350 ವರ್ಷ ಮೊದಲು, ದೂರದಿಂದ ಬರುವ ದಂಡನ್ನು ಪತ್ತೆ ಹಚ್ಚಲು ಎತ್ತರವೇ ಬೇಕಿತ್ತು. ಆದಿಲ್‌ಶಾಹಿ ಸರದಾರ ಹೈದರ್ ಖಾನ್ 1584ರ ಸುಮಾರಿಗೆ ಕಟ್ಟಿಸಿದ ಈ ಕಲ್ಲಿನ ಕಾವಲು ಗೋಪುರ ಸುಮಾರು 80 ಅಡಿ ಇದೆ.

ಉಳಿದ ಬುರುಜುಗಳು ಕೋಟೆಗೋಡೆಗೆ ಸೇರಿವೆ, ಇದು ಒಂಟಿ. ಗೋಡೆ ಕಟ್ಟುವಾಗ ಖಾನ್ ಊರಲ್ಲಿರಲಿಲ್ಲ, ಆಮೇಲೆ ಬಂದು ತನ್ನದನ್ನು ಎಲ್ಲಕ್ಕಿಂತ ಎತ್ತರ ಮಾಡಿಸಿದ ಎಂಬ ಮಾತಿದೆ. ನಂಬಬಹುದಾದ ಹಟ!

ಮೆಟ್ಟಿಲುಗಳು ಹೊರಮೈಯನ್ನು ಸುತ್ತಿಕೊಂಡು ಏರುತ್ತವೆ. ಗೋಡೆಯಲ್ಲಿ ಪರ್ಷಿಯನ್ ಶಾಸನವಿದೆ.

ಮೇಲೆ ಎರಡು ತೋಪುಗಳಿವೆ. ಉದ್ದನೆಯದು 30 ಅಡಿ ಮೀರುತ್ತದೆ. ಅದರ ಮೈಯನ್ನು ಹತ್ತಿರದಿಂದ ನೋಡಿ: ಅದು ಎರಕದ್ದಲ್ಲ, ಕಬ್ಬಿಣದ ಪಟ್ಟಿಗಳನ್ನು ಉದ್ದಕ್ಕೆ ಜೋಡಿಸಿ, ಸುತ್ತಲೂ ಬಳೆ ತೊಡಿಸಿ ಬಿಗಿದದ್ದು.

ಇಷ್ಟೆಲ್ಲ ಕಾವಲಿದ್ದರೂ 1686ರಲ್ಲಿ ಬಿಜಾಪುರ (ಇಂದಿನ ವಿಜಯಪುರ) ಮೊಘಲ್ ಬಾದಶಹ ಔರಂಗಜೇಬನ ವಶವಾಯಿತು.

ದಯವಿಟ್ಟು ತೋಪುಗಳ ಮೇಲೆ ಹೆಸರು ಗೀಚಬೇಡಿ.