ನಾಲೆಯ ವಾಟ, ನಕ್ಷೆಯ ಕೋನ: ಸರಳರೇಖೆಯ ಇಳಿಜಾರಿನ ವ್ಯಾಖ್ಯೆಯ ಮರುಪರಿಶೀಲನೆ

ಸರಳರೇಖೆಯ ಇಳಿಜಾರನ್ನು ಕಂಡುಹಿಡಿಯುವ ಕ್ರಮದ ಬಗ್ಗೆ ತಕರಾರಿಲ್ಲ. ರೇಖೆಯ ಮೇಲೆ ಎರಡು ಬಿಂದುಗಳನ್ನು ಆರಿಸಿ, ಲಂಬ ಅಂತರವನ್ನು ಅಡ್ಡ ಅಂತರದಿಂದ ಭಾಗಿಸಿದರಾಯಿತು. ಯಾವ ಬಿಂದುಗಳನ್ನು ಆರಿಸಿದರೂ ಭಾಗಲಬ್ಧ ಒಂದೇ. ಸಮರೂಪ ತ್ರಿಭುಜಗಳೇ ಅದಕ್ಕೆ ಆಧಾರ. ಆದರೆ ಪ್ರಥಮ ಪಿಯುಸಿಯ ಎನ್‌ಸಿಇಆರ್‌ಟಿ ಪಠ್ಯವು ರೇಖೆ ಅಡ್ಡ ಅಕ್ಷದೊಡನೆ ಮಾಡುವ ಕೋನದ ಟ್ಯಾನ್ ಬೆಲೆಯನ್ನೇ ಇಳಿಜಾರೆಂದು ವ್ಯಾಖ್ಯಾನಿಸಿ, ಬಿಂದುಗಳ ಸೂತ್ರವನ್ನು ಅದರಿಂದ ಪಡೆಯುತ್ತದೆ. ಈ ಅನುಕ್ರಮವನ್ನು ನಾನು ಒಪ್ಪುವುದಿಲ್ಲ.

ಭದ್ರಾ ಅಚ್ಚುಕಟ್ಟಿನ ಕುಕ್ಕುವಾಡದ ವಿದ್ಯಾರ್ಥಿಗೆ ನಾಲೆಗಿಂತ ಹತ್ತಿರದ ಉದಾಹರಣೆ ಬೇಡ. 5 ಕಿಲೋಮೀಟರಿನಲ್ಲಿ ತಳ 1 ಮೀಟರ್ ಇಳಿಯುವ ನಾಲೆಯೊಂದನ್ನು ಊಹಿಸಿಕೊಳ್ಳೋಣ. ಅದರ ವಾಟ, ಅಂದರೆ ತಳದ ಇಳಿಜಾರು, 5000ಕ್ಕೆ 1. ನಾಲೆಯ ಉದ್ದಕ್ಕೂ ತಳದ ಮಟ್ಟ ತೋರಿಸುವ ಎಂಜಿನಿಯರರ ಎಲ್-ಸೆಕ್ಷನ್ ನಕ್ಷೆಯಲ್ಲಿ ಇಷ್ಟು ಸಣ್ಣ ಇಳಿತ ಕಣ್ಣಿಗೆ ಬೀಳದು. ಆದ್ದರಿಂದ ಲಂಬ ಅಳತೆಯನ್ನು ಹಿಗ್ಗಿಸುತ್ತಾರೆ. ಅಡ್ಡಕ್ಕೆ 1 ಸೆಂಟಿಮೀಟರಿಗೆ 100 ಮೀಟರ್, ಲಂಬಕ್ಕೆ 1 ಸೆಂಟಿಮೀಟರಿಗೆ 1 ಮೀಟರ್ ಎಂದಿಟ್ಟುಕೊಂಡರೆ, ಕಾಗದದ ಮೇಲಿನ ರೇಖೆ 50 ಸೆಂಟಿಮೀಟರಿಗೆ 1 ಸೆಂಟಿಮೀಟರ್ ಇಳಿಯುತ್ತದೆ. ಕೋನಮಾಪಕ ಇಟ್ಟರೆ ಸುಮಾರು 1.15 ಡಿಗ್ರಿ, ನೆಲದ ಮೇಲಿನ ನಿಜವಾದ ಕೋನ ಸುಮಾರು 0.0115 ಡಿಗ್ರಿ. ಕಾಗದದ ಕೋನದ ಟ್ಯಾನ್ ತೆಗೆದುಕೊಂಡವನ ಉತ್ತರ 100 ಪಟ್ಟು ತಪ್ಪು. ಅಕ್ಷಗಳ ಮೇಲೆ ಬರೆದ ಮಟ್ಟ ಮತ್ತು ದೂರವನ್ನು ಓದಿ ಭಾಗಿಸಿದವನು ತಪ್ಪುವುದಿಲ್ಲ.

ಈ ತಪ್ಪು ಕಾಗದದಲ್ಲೇ ಉಳಿಯುವುದಿಲ್ಲ. ಮ್ಯಾನಿಂಗ್ ಸೂತ್ರದ ಪ್ರಕಾರ ನೀರಿನ ವೇಗ ಇಳಿಜಾರಿನ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆ. ಇಳಿಜಾರು 100 ಪಟ್ಟಾದರೆ ಲೆಕ್ಕದ ವೇಗ 10 ಪಟ್ಟಾಗುತ್ತದೆ. ನಾಲೆಯ ಕೊನೆಭಾಗಕ್ಕೆ ನೀರು ಯಾವಾಗ ಮುಟ್ಟೀತೆಂಬ ಅಂದಾಜೇ ಕೆಡುತ್ತದೆ.

ಇನ್ನೂ ಮುಂದೆ ಹೋಗಿ ಹೇಳುವುದಾದರೆ, ಅಕ್ಷಗಳ ಪರಿಮಾಣಗಳು ಬೇರೆಬೇರೆಯಾದಾಗ ಇಳಿಜಾರಿಗೆ ಕೋನವೇ ಇಲ್ಲ. ಜಲಾಶಯದ ಮಟ್ಟವನ್ನು ದಿನಗಳೆದುರು ಗುರುತಿಸಿದರೆ ಸಿಗುವುದು ದಿನಕ್ಕೆ ಇಷ್ಟು ಅಡಿ ಎಂಬ ದರ. ಕಾಗದದ ಮೇಲಿನ ಕೋನ ನಾವು ಆರಿಸಿದ ಅಳತೆಯದು, ನೀರಿನದಲ್ಲ. ಹಾಗೆಂದು ಪಠ್ಯದ ವ್ಯಾಖ್ಯೆ ತಪ್ಪೆಂದು ನಾನು ಹೇಳುತ್ತಿಲ್ಲ. ಎರಡೂ ಅಕ್ಷಗಳ ಮಾನ ಒಂದೇ ಆಗಿರುವ ಶುದ್ಧ ಜ್ಯಾಮಿತಿಯಲ್ಲಿ ಅದು ಪೂರ್ತಿ ಸರಿ. ಪರಸ್ಪರ ಲಂಬವಾದ ರೇಖೆಗಳ ಇಳಿಜಾರುಗಳ ಗುಣಲಬ್ಧ -1 ಎಂಬ ನಿಯಮವೂ ಆ ಸಮಾನ ಮಾನವನ್ನೇ ನಂಬಿದೆ. ಬಹುಶಃ ಕೋನದ ವ್ಯಾಖ್ಯೆ ಅನುಪಾತದ ನಂತರ, ಷರತ್ತಿನೊಂದಿಗೆ ಬರಬೇಕಾದ ಮಾತು.

ಅನುಪಾತಕ್ಕೂ ಒಂದು ಮಿತಿಯಿದೆ: ಹೂಳು ತುಂಬಿ ತಳ ಏರುಪೇರಾದ ನಾಲೆಯಲ್ಲಿ ಮಟ್ಟದ ಬಿಂದುಗಳು ಒಂದೇ ರೇಖೆಯ ಮೇಲೆ ಕೂರುವುದಿಲ್ಲ. ಅಲ್ಲಿ ಯಾವ ಎರಡು ಬಿಂದುಗಳ ಇಳಿಜಾರನ್ನು ನಾಲೆಯ ವಾಟವೆನ್ನಬೇಕು ಎಂಬುದಕ್ಕೆ ಈ ವಾದದಲ್ಲಿ ಉತ್ತರವಿಲ್ಲ.