ನಾಲ್ಕನೆಯ ದಿಕ್ಕಿನ ಸಾಕ್ಷಿ

ಎಲ್ಲೆ ಉಳಿಯುವುದು ಕಲ್ಲಿನಿಂದಲ್ಲ, ಅದರಾಚೆ ಕೇಳುವವನೊಬ್ಬ ಇರುವುದರಿಂದ. ಚಾಳುಕ್ಯ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರ ವ್ಯಾಖ್ಯಾನ ಬರೆದದ್ದು ಯಾಜ್ಞವಲ್ಕ್ಯ ಸ್ಮೃತಿಗೆ. ಅದರ ಸೀಮಾವಿವಾದದ ಭಾಗ ಇದ್ದಿಲು, ಹೊಟ್ಟು, ಮರ, ಹುತ್ತಗಳನ್ನು ಗುರುತಾಗಿ ಹೇಳುತ್ತದೆ ನಿಜ. ಆದರೆ ಅವನ್ನು ತೋರಿಸಿಕೊಡಬೇಕಾದವರು ನೆರೆಯವರು, ಮುದುಕರು, ದನಗಾಹಿಗಳು, ಗಡಿಯಂಚಿನಲ್ಲಿ ಉಳುವವರು. ಮನೆ, ತೋಟ, ಮಳೆನೀರು ಹರಿಯುವ ದಾರಿಗೂ ಅದೇ ನಿಯಮ. ದಾನದ ಭೂಮಿಗೆ ಲಿಂಗಮುದ್ರೆ, ವಾಮನಮುದ್ರೆಯ ಕಲ್ಲುಗಳನ್ನು ನೆಟ್ಟಾಗಲೂ ಅವುಗಳ ಬಲವಿದ್ದದ್ದು ಊರವರ ನೆನಪಿನಲ್ಲಿ.

ಮೈಸೂರು ಸಂಸ್ಥಾನದಲ್ಲಿ 1863ರಲ್ಲಿ ಮುಂಬಯಿ ಮಾದರಿಯ ಸರ್ವೆ ಶುರುವಾಗಿ ಹೊಲಕ್ಕೆ ಸರಪಳಿ, ಬಾಂದುಕಲ್ಲು ಬಂದವು. 33 ಅಡಿ ಉದ್ದಗಲದ್ದು ಒಂದು ಗುಂಟೆ, ನಲವತ್ತು ಗುಂಟೆ ಸೇರಿದರೆ ಎಕರೆ. ಕಂದಾಯ ಹುಟ್ಟುತ್ತಿದ್ದುದು ಹೊಲದಲ್ಲಿ. ಗ್ರಾಮಠಾಣದ ಮನೆಗಳಿಗೆ ಆ ನಿಗಾ ಸಿಗಲಿಲ್ಲ. ಅವುಗಳನ್ನು ಡ್ರೋನಿನಿಂದ ಅಳೆಯುವ ಸ್ವಾಮಿತ್ವ ಯೋಜನೆ ಬಂದದ್ದು 2020ರಲ್ಲಿ. ಅಲ್ಲಿಯವರೆಗೆ ಮನೆಯ ಎಲ್ಲೆಯೆಂದರೆ ಬಹುಪಾಲು ಪತ್ರದ ಚೆಕ್ಕುಬಂದಿಯೇ: ಪೂರ್ವಕ್ಕೆ ಇಂಥವರ ಮನೆ, ದಕ್ಷಿಣಕ್ಕೆ ಇಂಥವರ ಹಿತ್ತಲು, ಪಶ್ಚಿಮಕ್ಕೆ ಗೋಡೆ, ಉತ್ತರಕ್ಕೆ ಓಣಿ. ಮೂರು ದಿಕ್ಕಿನಲ್ಲಿ ಬೇಲಿ ಒಂದು ಗೇಣು ಸರಿದರೂ ಜಗಳಕ್ಕೆ ಜನರಿದ್ದರು. ಓಣಿಯ ಪರವಾಗಿ ಬಾಯಿ ತೆರೆಯುವವರಿರಲಿಲ್ಲ.

ಅಳತೆಯಿಲ್ಲದ್ದೇ ಕಾರಣವಲ್ಲವೇ ಎಂದು ಕೇಳಬಹುದು. ಹಾಗಿದ್ದರೆ ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಒತ್ತುವರಿಯೇ ಆಗಬಾರದಿತ್ತು. 1898ರ ಪ್ಲೇಗಿನ ಆಸುಪಾಸಿನಲ್ಲಿ ನಕ್ಷೆ ಬರೆದು, ಅಳೆದು ಹಂಚಿದ ಬಡಾವಣೆಗಳವು. ಮಲ ಹೊರುವವರು ಓಡಾಡಲೆಂದು ಮನೆಗಳ ಹಿಂದೆ ಬಿಟ್ಟಿದ್ದ ಕನ್ಸರ್ವೆನ್ಸಿ ಓಣಿಗಳು, ಒಳಚರಂಡಿ ಬಂದು ಉಪಯೋಗ ತಪ್ಪಿದ ಮೇಲೆ, ಎಷ್ಟೋ ಕಡೆ ಕಾಂಪೌಂಡಿನೊಳಗೆ ಸೇರಿಹೋದವು. (ಆ ಓಣಿಯಲ್ಲಿ ನಡೆದವರನ್ನು ಯಾರೂ ಸಾಕ್ಷಿಯೆಂದು ಎಣಿಸಿರಲಿಲ್ಲ ಎಂಬುದು ಬೇರೆಯೇ ಕಥೆ.) ನಕ್ಷೆಯಿತ್ತು, ಕೇಳುವವರಿರಲಿಲ್ಲ.

ಇಂದಿನ ಗೇಟಿನ ಮುಂದಿನ ರ‍್ಯಾಂಪಿಗೂ ಇದೇ ಚರಿತ್ರೆ. ರಸ್ತೆ ಬದಿಯ ನೀರು ಒಳಗೆ ನುಗ್ಗದಂತೆ ಮನೆಯನ್ನು ಎತ್ತರಿಸಲೇಬೇಕು, ಇಳಿಜಾರಿಲ್ಲದೆ ಕಾರು ಹತ್ತದು ಎಂಬ ವಾದದಲ್ಲಿ ಹುರುಳಿದೆ. ಆದರೆ ಎತ್ತರ ಬೇಕಾದದ್ದು ಮನೆಗೆ. ಅದರ ಇಳಿಜಾರು ಚರಂಡಿಯ ಮೇಲೆ, ಕಾಲುದಾರಿಯ ಮೇಲೆ ಏಕೆ ಚಾಚಬೇಕು? 30x40ರ ನಿವೇಶನದಲ್ಲಿ ಜಾಗವೆಲ್ಲಿ ಎನ್ನುವವರೂ ಪಕ್ಕದ ಮನೆಯ ಕಡೆಗೆ ಅರ್ಧ ಅಡಿ ಚಾಚುವುದಿಲ್ಲ. ಇಳಿಜಾರನ್ನು ಗೇಟಿನೊಳಗೇ ಮುಗಿಸಿದರೆ ಕಾರಿನ ಜಾಗ ನಾಲ್ಕಡಿ ಕಡಿಮೆಯಾಗುತ್ತದೆ. ಸದ್ಯಕ್ಕೆ ಆ ನಾಲ್ಕಡಿಯನ್ನು ಕೊಡುತ್ತಿರುವವರು ಕಾಲುದಾರಿಯಿಂದ ರಸ್ತೆಗಿಳಿದು ನಡೆಯುವವರು.