ಕಾಯಲಾಗದ ವೇಳೆಯಲ್ಲಿ ಸ್ಮೃತಿಯ ವಿಸರ್ಜನೆ: ಲಿನಕ್ಸ್ ಕರ್ನೆಲ್ಲಿನ ಇತಿಹಾಸದಿಂದ ಒಂದು ಪ್ರಕರಣ

ಇತಿಹಾಸದ ಆಕರಗಳೆಂದರೆ ಶಾಸನ, ತಾಮ್ರಪಟ, ಕಡತಗಳು ಮಾತ್ರವೆಂಬ ಭಾವನೆ ನಮ್ಮ ವಿದ್ಯಾರ್ಥಿಗಳಲ್ಲಿ ಬಲವಾಗಿದೆ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ದೊರೆತ ಶಾಸನವು ‘ದೇವಾನಾಂಪ್ರಿಯ’ ಎಂಬ ಬಿರುದಿನೊಡನೆ ಅಶೋಕನ ಹೆಸರನ್ನೂ ನೀಡಿದುದರಿಂದ ದೊಡ್ಡದೊಂದು ಸಂದೇಹ ಪರಿಹಾರವಾಯಿತು. ಗಣಕಯಂತ್ರದ ಇತಿಹಾಸದಲ್ಲಿಯೂ ಹೆಸರು, ದಿನಾಂಕ, ಕಾರಣ ಈ ಮೂರನ್ನೂ ಒಟ್ಟಿಗೆ ಕೊಡುವ ಆಕರವೊಂದುಂಟು. 1991ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಕರ್ನೆಲ್ಲಿಗೆ 2005ರಿಂದೀಚೆಗೆ ಆದ ತಿದ್ದುಪಡಿಗಳೆಲ್ಲ ಹೀಗೆ ದಾಖಲಾಗಿವೆ. ಕರ್ನೆಲ್ಲೆಂದರೆ ಯಂತ್ರದ ಸಕಲ ಕಾರ್ಯಗಳನ್ನೂ ನಿಯಂತ್ರಿಸುವ ತಿರುಳು. ಅದು ತನ್ನ ಸ್ಮೃತಿಯನ್ನು ಅಪಾಯವಿಲ್ಲದೆ ಬಿಟ್ಟುಕೊಡಲು ಕಲಿತ ಬಗೆಯನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಸಮಸ್ಯೆಯ ಸ್ವರೂಪವನ್ನು ನೋಡೋಣ. ಕ್ರಮವಿಧಿಗೆ ಕಾಣುವ ವಿಳಾಸ ಬೇರೆ, ಸ್ಮೃತಿಯಲ್ಲಿನ ನಿಜವಾದ ಪುಟ ಬೇರೆ ಎಂಬ ವ್ಯವಸ್ಥೆಯು 1962ರ ಮ್ಯಾಂಚೆಸ್ಟರಿನ ಅಟ್ಲಾಸ್ ಗಣಕದಿಂದ ಪ್ರಸಿದ್ಧಿಗೆ ಬಂದಿತು. ಯಾವ ವಿಳಾಸಕ್ಕೆ ಯಾವ ಪುಟವೆಂಬುದನ್ನು ಕೋಷ್ಟಕವೊಂದು ತಿಳಿಸುತ್ತದೆ. ಪ್ರತಿಯೊಂದು ಪ್ರೊಸೆಸರೂ ಅದರ ಕೆಲವು ಸಾಲುಗಳ ನಕಲನ್ನು ತನ್ನಲ್ಲಿರಿಸಿಕೊಳ್ಳುತ್ತದೆ. ಆದುದರಿಂದ ವಿಳಾಸವನ್ನು ಕೋಷ್ಟಕದಿಂದ ಅಳಿಸಿದರಷ್ಟೇ ಸಾಲದು. ಹಲವು ಬಗೆಯ ಯಂತ್ರಗಳಲ್ಲಿ, ಉಳಿದ ಪ್ರೊಸೆಸರುಗಳೂ ನಕಲನ್ನು ಅಳಿಸಿ ಉತ್ತರ ಕೊಡುವವರೆಗೆ ಕಾಯಬೇಕು. ಕಾಯದೆ ಆ ಪುಟವನ್ನು ಬೇರೆ ಕಾರ್ಯಕ್ಕೆ ಕೊಟ್ಟರೆ, ಹಳೆಯ ನಕಲನ್ನು ನಂಬಿದ ಪ್ರೊಸೆಸರು ಅನ್ಯರ ದತ್ತಾಂಶವನ್ನೇ ಕೆಡಿಸೀತು.

ಆದರೆ ಎಲ್ಲ ವೇಳೆಯಲ್ಲಿಯೂ ಕಾಯುವುದು ಸಾಧ್ಯವಿಲ್ಲ. ಜಾಲದಿಂದ ಸಂದೇಶ ಬಂದಾಗ ಯಂತ್ರವು ನಡೆಯುತ್ತಿರುವ ಕೆಲಸವನ್ನು ತಡೆದು ಅತ್ತ ಗಮನಕೊಡುತ್ತದೆ. ಇದಕ್ಕೆ ಇಂಟರಪ್ಟ್ ಎಂದು ಹೆಸರು. ಅದನ್ನು ನಿರ್ವಹಿಸುವ ಭಾಗವು ‘ನಿದ್ರಿಸುವಂತಿಲ್ಲ’. ಎಂದರೆ, ತನ್ನ ಸರದಿಯನ್ನು ಬಿಟ್ಟುಕೊಟ್ಟು ಕಾಯುವಂತಿಲ್ಲ. ತಡೆಯಲ್ಪಟ್ಟ ಕೆಲಸವು ಹಿಡಿದಿರುವ ಬೀಗಕ್ಕಾಗಿಯೇ ತಡೆದ ಕೆಲಸವೂ ಕಾದರೆ ಎರಡೂ ಮುಂದೆ ಸಾಗವು. ಕರ್ನೆಲ್ ಹೀಗೆ ನಿಂತಲ್ಲಿ ಅದನ್ನು ಆಶ್ರಯಿಸಿದ ಬ್ಯಾಂಕಿನ ಲೆಕ್ಕವೂ ಆಸ್ಪತ್ರೆಯ ದಾಖಲೆಯೂ ನಿಲ್ಲುತ್ತವೆ.

ಪರಿಹಾರದ ಬೀಜವು ರದ್ದುಪಡಿಸುವುದನ್ನೂ ಮರಳಿ ಪಡೆಯುವುದನ್ನೂ ಬೇರ್ಪಡಿಸಿದುದರಲ್ಲಿದೆ. ಮಾನ್ವಿ ಸೀಮೆಯ ರೈತರಿಗೆ ಈ ತತ್ತ್ವ ಹೊಸದಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ತೂಬನ್ನು ಮೇಲೆ ಮುಚ್ಚಿದೊಡನೆ ಕೊನೆಯ ಭಾಗದ ನೀರು ಬತ್ತುವುದಿಲ್ಲ. ಅದು ಹರಿದುಹೋದ ತರುವಾಯವೇ ಹೂಳೆತ್ತಲು ಇಳಿಯಬೇಕು. ಆರ್‌ಸಿಯು ಎಂಬ ವಿಧಾನವೂ ಇಂತಹುದೇ. ಅದರಲ್ಲಿ ಹಳೆಯ ದತ್ತಾಂಶಕ್ಕೆ ಹೊಸ ಓದುಗರು ಬಾರದಂತೆ ಮೊದಲು ದಾರಿ ಮುಚ್ಚಿ, ಈಗಾಗಲೇ ಓದುತ್ತಿರುವವರು ಮುಗಿಸಿದ ಮೇಲೆ ಸ್ಮೃತಿಯನ್ನು ಬಿಡಿಸಲಾಗುತ್ತದೆ. ಅಮೆರಿಕದ ಸೀಕ್ವೆಂಟ್ ಸಂಸ್ಥೆಯಲ್ಲಿ ಪಾಲ್ ಮೆಕೆನ್ನಿ ಮತ್ತು ಜಾಕ್ ಸ್ಲಿಂಗ್‌ವೈನ್ 1990ರ ದಶಕದಲ್ಲಿ ಇದನ್ನು ರೂಪಿಸಿದರು. 2001ರಲ್ಲಿ ಒಟ್ಟಾವಾ ಸಮ್ಮೇಳನದಲ್ಲಿ ಇದನ್ನು ಲಿನಕ್ಸಿಗಾಗಿ ಪ್ರತಿಪಾದಿಸಿದ ಪ್ರಬಂಧದ ಏಳು ಮಂದಿ ಕರ್ತೃಗಳಲ್ಲಿ ಬೆಂಗಳೂರಿನ ಐಬಿಎಂ ಲಿನಕ್ಸ್ ತಂತ್ರಜ್ಞಾನ ಕೇಂದ್ರದ ದೀಪಂಕರ್ ಶರ್ಮಾ ಹಾಗೂ ಮನೀಶ್ ಸೋನಿ ಇದ್ದರು. 2002ರ ಅಕ್ಟೋಬರಿನಲ್ಲಿ ಈ ವಿಧಾನವು ಕರ್ನೆಲ್ಲಿನಲ್ಲಿ ಸೇರಿತು.

ವಿಳಾಸಗಳ ವಿಸರ್ಜನೆಯಲ್ಲಿಯೂ ಬೆಳವಣಿಗೆ ಇದೇ ಜಾಡಿನಲ್ಲಿ ಸಾಗಿತು. 2008ರಲ್ಲಿ ನಿಕ್ ಪಿಗಿನ್, ರದ್ದಾದ ವಿಳಾಸಗಳನ್ನು ಕೂಡಿಟ್ಟು ಅವುಗಳ ನಕಲುಗಳನ್ನೆಲ್ಲ ಒಮ್ಮೆಗೇ ಅಳಿಸುವ ಕ್ರಮವನ್ನು ತಂದನು. 2013ರಲ್ಲಿ ಅಲ್ ವೀರೋ, ‘ವಿ-ಫ್ರೀ’ ಎಂಬ ವಿಸರ್ಜನಕ್ರಿಯೆಯನ್ನು ಇಂಟರಪ್ಟಿನಲ್ಲಿಯೂ ಕರೆಯಬಹುದಾದಂತೆ ಮಾರ್ಪಡಿಸಿದನು. ಅಂತಹ ವೇಳೆ ಅದು ಏನನ್ನೂ ಅಳಿಸದೆ, ವಿಳಾಸವನ್ನು ಪಟ್ಟಿಯೊಂದಕ್ಕೆ ಸೇರಿಸಿ ಹಿಂದಿರುಗುತ್ತದೆ. ನಿದ್ರಿಸಬಲ್ಲ ಕೆಲಸಗಾರನೊಬ್ಬನು ಅನಂತರ ಅಳಿಸುತ್ತಾನೆ. ಪಟ್ಟಿಯ ಕೊಂಡಿಯನ್ನು ಬರೆಯಲು ಬಿಡಬೇಕಾದ ಸ್ಮೃತಿಯ ಮೊದಲ ಸ್ಥಳವನ್ನೇ ಬಳಸುವುದರಿಂದ ಹೊಸ ಸ್ಮೃತಿ ಬೇಕಾಗುವುದಿಲ್ಲ.

ಆದರೆ ಇಂಟರಪ್ಟಿನ ಹೊರಗೂ ನಿದ್ರಿಸಲಾಗದ ಸಂದರ್ಭಗಳುಂಟು. ಸ್ಪಿನ್‌ಲಾಕ್ ಎಂಬ ಬೀಗವನ್ನು ಹಿಡಿದಿರುವ ಕೆಲಸವು ಇದಕ್ಕೆ ನಿದರ್ಶನ. 2016ರಲ್ಲಿ ವಿಳಾಸಗಳ ಶುದ್ಧೀಕರಣವು ನಿದ್ರಿಸಬಹುದೆಂದು ನಿಯಮವಾದಾಗ, ಇಂತಹವರಿಗಾಗಿ ಆಂದ್ರೇ ರ್ಯಾಬಿನಿನ್ ‘ವಿ-ಫ್ರೀ-ಅಟಾಮಿಕ್’ ಎಂಬ ಪ್ರತ್ಯೇಕ ಮಾರ್ಗವನ್ನು ಸೇರಿಸಿದನು. ‘ವಿ-ಅನ್‌ಮ್ಯಾಪ್’ ಎಂಬ ಸೋದರಕ್ರಿಯೆಗೆ ಮಾತ್ರ ಇಂಟರಪ್ಟಿನಲ್ಲಿ ನಿಷೇಧ ಉಳಿಯಿತು.

ಇಷ್ಟರಿಂದ ಸಿದ್ಧವಾಗುವುದೇನೆಂದರೆ, ಕಾಯುವ ಹೊರೆಯನ್ನು ಯಾರೂ ಇಲ್ಲವಾಗಿಸಲಿಲ್ಲ. ಕಾಯಲಾರದವನಿಂದ ಕಾಯಬಲ್ಲವನಿಗೆ ವರ್ಗಾಯಿಸಿದರು. ಆ ವರ್ಗಾವಣೆ ಒಬ್ಬನ ಪ್ರತಿಭೆಯಿಂದ ಒಂದೇ ದಿನದಲ್ಲಿ ಆದುದಲ್ಲ. ಹಲವು ದೇಶಗಳವರು ವರ್ಷಗಟ್ಟಲೆ ತಿದ್ದಿ ಸಾಧಿಸಿದುದು. ಬೆಂಗಳೂರಿನ ಗಣಕೋದ್ಯಮದ ಚರಿತ್ರೆಯನ್ನು ಸಂಸ್ಥೆಗಳ ಹೆಸರು ಮತ್ತು ಆದಾಯದ ಅಂಕಿಗಳಿಂದ ಬರೆದರೆ ಈ ಶ್ರಮ ಅದರಲ್ಲಿ ಕಾಣಿಸುವುದಿಲ್ಲ. ದಾಖಲೆಗಳು ಎಲ್ಲರಿಗೂ ತೆರೆದಿವೆ. ಶಾಸನವನ್ನು ಓದುವ ತಾಳ್ಮೆಯಿಂದಲೇ ನಮ್ಮ ವಿದ್ಯಾರ್ಥಿಗಳು ಇವನ್ನೂ ಓದಬೇಕು.